ನಿಂಗಾಜಮ್ಮ ಬಿಡಿಸದೆ ನೆಟ್ಟ ಕಟ್ಟು

ಆಗ ಲೋಕ ಇನ್ನೂ ಹೊಸದು. ಬೆಟ್ಟಗಳಿಗೆ ಎಲ್ಲಿ ಕೂರಬೇಕೆಂದು ಗೊತ್ತಿರಲಿಲ್ಲ, ಹೊಳೆಗಳು ಸಿಕ್ಕಸಿಕ್ಕವರನ್ನು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಹಗಲೂ ಇರಲಿಲ್ಲ, ರಾತ್ರಿಯೂ ಇರಲಿಲ್ಲ. ಒಂದು ಮಸುಕು ಬೆಳಕು, ಅಷ್ಟೇ.

ಆಕಾಶದಲ್ಲಿ ನಕ್ಷತ್ರಗಳೂ ಇರಲಿಲ್ಲ. ಇರಲಿಲ್ಲ ಎಂದರೆ ಇರಲಿಲ್ಲ. "ಚಂದ್ರ ಇದ್ದನಾ ಅಜ್ಜಿ?" ಎಂದು ಈಗಲೇ ಶುರು ಮಾಡಬೇಡಿ. ಚಂದ್ರನ ಕತೆ ಬೇರೆ. ಒಂದು ಕತೆ ಹೇಳುವಾಗ ಇನ್ನೊಂದನ್ನು ಎಳೆದು ತಂದರೆ ನನಗೆ ತಲೆ ಕೆಡುತ್ತದೆ.

ಆಕಾಶ ಆಗ ಒಂದು ದೊಡ್ಡ ಗದ್ದೆ. ಮೋಡಗಳು ಅದನ್ನು ಉತ್ತು, ನೀರು ನಿಲ್ಲಿಸಿ, ಕರಿ ಕೆಸರು ಮಾಡಿಟ್ಟಿದ್ದವು. ಉತ್ತರದ ಬದುವಿನ ಹತ್ತಿರ ಒಂದು ಒಟ್ಲು ಪಾತಿ ಇತ್ತು. ಬೀಜವನ್ನು ಒತ್ತೊತ್ತಾಗಿ ಚೆಲ್ಲಿ ಪೈರು ಬೆಳೆಸುತ್ತಾರಲ್ಲ, ಆ ಪಾತಿ. ಅದರಲ್ಲಿ ನಕ್ಷತ್ರದ ಪೈರು ಗೇಣುದ್ದ ಬೆಳೆದು ಮಿಣಮಿಣ ಎನ್ನುತ್ತಿತ್ತು. ಅದನ್ನು ಕಿತ್ತು ಆಕಾಶದ ತುಂಬ ನಾಟಿ ಮಾಡಬೇಕಿತ್ತು.

ನಾಟಿ ಮಾಡುವವಳು ನಿಂಗಾಜಮ್ಮ. ಅವಳಷ್ಟು ಚೆನ್ನಾಗಿ ನೆಡುವವರು ಮೂರು ಲೋಕದಲ್ಲೂ ಇರಲಿಲ್ಲ. ಅವಳಷ್ಟು ಸಿಡುಕುವವರೂ ಇರಲಿಲ್ಲ. ಬೇರೆಯವರು ನೆಟ್ಟಿದ್ದು ಒಂದು ಬೆರಳು ಆಚೀಚೆ ಆದರೂ ಅವಳು ಕಿತ್ತು ಮತ್ತೆ ನೆಡುತ್ತಿದ್ದಳು. "ಗೇಣಿಗೊಂದು, ಗೇಣಿಗೊಂದು! ಗುಡ್ಡೆ ಹಾಕೋಕೆ ಇದೇನು ತಿಪ್ಪೆಯಾ?" ಎನ್ನುತ್ತಿದ್ದಳು. ಅದಕ್ಕೇ ಅವಳ ಜೊತೆ ನಾಟಿಗೆ ಯಾರೂ ಬರುತ್ತಿರಲಿಲ್ಲ.

ಬಂದವನು ಗಾಳಿಯಪ್ಪ ಒಬ್ಬನೇ. ಅವನಿಗೆ ಎಷ್ಟು ಬೈದರೂ ಒಂದು ಕಿವಿಯಲ್ಲಿ ನುಗ್ಗಿ ಇನ್ನೊಂದರಲ್ಲಿ ಹೋಗುತ್ತಿತ್ತು. ಗಾಳಿ ಅಲ್ಲವೇ, ಮತ್ತೇನಾಗುತ್ತದೆ?

ಅವನಿಗಿದ್ದ ಕೆಲಸ ಇಷ್ಟು. ಪೈರು ಕೀಳಬೇಕು, ಬೇರು ತೊಳೆಯಬೇಕು, ಹಿಡಿಹಿಡಿಯಾಗಿ ಹುಲ್ಲಿನಲ್ಲಿ ಕಟ್ಟು ಕಟ್ಟಬೇಕು, ಗದ್ದೆಯೊಳಗೆ ಅಲ್ಲಲ್ಲಿ ಎಸೆಯಬೇಕು. ಇಷ್ಟೇ. ಇಷ್ಟೂ ಅವನ ಕೈಲಿ ನೆಟ್ಟಗೆ ಆಗಲಿಲ್ಲ.

ಕೆಲಸ ಶುರುವಾಗುವ ಮೊದಲೇ ಸೂರ್ಯ ಹೇಳಿ ಕಳಿಸಿದ್ದ: "ನಾನು ಹೊರಟಿದೀನಿ. ಬರೋ ಹೊತ್ತಿಗೆ ಪೈರೆಲ್ಲ ಕೆಸರು ಸೇರಿರಬೇಕು. ಸೇರದೆ ಬಿದ್ದಿದ್ರೆ ನನ್ನ ಬಿಸಿಲಿಗೆ ಒಣಗಿ ಸತ್ತೋಗ್ತವೆ. ಆಮೇಲೆ ನನ್ನನ್ನ ಅನ್ನಬೇಡಿ."

"ಕೇಳಿಸ್ಕೊಂಡ್ಯೇನೋ ಗಾಳಿಯಪ್ಪ?" ಎಂದಳು ನಿಂಗಾಜಮ್ಮ.

"ಆಯ್ತು ಅಕ್ಕಯ್ಯ," ಎಂದ ಗಾಳಿಯಪ್ಪ.

ಆಯ್ತು ಎಂದವನು ಮೊದಲು ಮಾಡಿದ್ದೇನು ಗೊತ್ತೇ? ಪಾತಿಯ ಅಂಚಿನಲ್ಲಿದ್ದ ಪುಟ್ಟಪುಟ್ಟ ಪೈರುಗಳನ್ನು ಕಿತ್ತು ಮೊದಲ ಕಟ್ಟು ಕಟ್ಟಿದ. ತನ್ನ ತೋಳು ಎಷ್ಟು ದೂರ ಎಸೆಯುತ್ತದೆ ನೋಡೋಣ ಎಂದು ಆಸೆಯಾಯಿತು. ರೊಯ್ಯನೆ ಬೀಸಿ ಎಸೆದ. ಕಟ್ಟು ಇಡೀ ಆಕಾಶ ದಾಟಿ, ತೆಂಕಣ ಮೂಲೆಗೆ ಹೋಗಿ ಥಪ್ಪೆಂದು ಬಿತ್ತು. ಗಾಳಿಯಪ್ಪ ತನಗೆ ತಾನೇ ಭೇಷ್ ಎಂದುಕೊಂಡ. ಆಮೇಲೆ ಅದನ್ನು ಮರೆತೇಬಿಟ್ಟ.

ನಿಂಗಾಜಮ್ಮ ಅದನ್ನು ನೋಡಲಿಲ್ಲ. ಹೇಗೆ ನೋಡುತ್ತಾಳೆ? ನಾಟಿ ಮಾಡುವವರು ಮುಂದಕ್ಕೆ ನಡೆಯುವುದಿಲ್ಲ, ಹಿಂದಕ್ಕೆ ಹಿಂದಕ್ಕೆ ಹೋಗುತ್ತಾರೆ. ಮುಂದಕ್ಕೆ ಹೋದರೆ ನೆಟ್ಟಿದ್ದನ್ನು ತಾವೇ ತುಳಿಯಬೇಕಾಗುತ್ತದೆ. ಅವಳು ಉತ್ತರದ ಬದುವಿನಲ್ಲಿ ಬಗ್ಗಿದಳು, ದಕ್ಷಿಣಕ್ಕೆ ಬೆನ್ನು ಮಾಡಿ ನೆಡುತ್ತಾ ಹಿಂದೆ ಸರಿದಳು. ಗೇಣಿಗೊಂದು, ಗೇಣಿಗೊಂದು. ಎಸೆದ ಕಟ್ಟು ಅವಳ ಬೆನ್ನ ಹಿಂದೆಯೇ ಇತ್ತು.

ಅವಳ ಬಾಯಿಗೆ ಬಿಡುವಿರಲಿಲ್ಲ.

"ಲೋ ಗಾಳಿಯಪ್ಪ! ಇಲ್ಲಿ ಹತ್ತು ಕಟ್ಟು ಬಿಸಾಕಿದೀಯ, ಅಲ್ಲಿ ಒಂದೂ ಇಲ್ಲ. ಕಣ್ಣು ಎಲ್ಲಿಟ್ಟಿದೀಯೋ?"

"ಆಯ್ತು ಅಕ್ಕಯ್ಯ."

"ಏನು ಆಯ್ತು? ನಾನು ಕೇಳಿದ್ದೇನು, ನೀನು ಹೇಳೋದೇನು?"

"ಆಯ್ತು ಅಕ್ಕಯ್ಯ."

"ಅಯ್ಯೋ ನನ್ನ ಕರ್ಮವೇ!" ಎಂದು ನಿಂಗಾಜಮ್ಮ ಕೆಸರುಗೈಯಲ್ಲೇ ಹಣೆ ಚಚ್ಚಿಕೊಂಡಳು. ಆಕಾಶದಲ್ಲಿ ಒಂದು ಕಡೆ ನಕ್ಷತ್ರಗಳು ಕಿಕ್ಕಿರಿದು, ಇನ್ನೊಂದು ಕಡೆ ಬಣಬಣ ಎನ್ನುವುದು ಅವತ್ತಿನಿಂದಲೇ. ಕಟ್ಟು ಬಿದ್ದ ಕಡೆ ತಾನೇ ನೆಡಬೇಕು, ಪಾಪ ಅವಳಾದರೂ ಏನು ಮಾಡುತ್ತಾಳೆ?

ಹಾಗೆ ನೆಟ್ಟು ನೆಟ್ಟು, ಸರಿದು ಸರಿದು, ಅವಳ ಹಿಮ್ಮಡಿ ಗಟ್ಟಿ ನೆಲಕ್ಕೆ ತಗುಲಿತು. ತೆಂಕಣ ಬದು ಬಂದಿತ್ತು. ನಾಟಿ ಮುಗಿದಿತ್ತು. ನಿಂಗಾಜಮ್ಮ ಸೊಂಟ ಹಿಡಿದುಕೊಂಡು ಮೆಲ್ಲಗೆ ನೆಟ್ಟಗಾದಳು. ತಾನು ನೆಟ್ಟಿದ್ದನ್ನು ಉದ್ದಕ್ಕೂ ನೋಡಿದಳು. ಬಾಳಿನಲ್ಲಿ ಮೊದಲ ಸಲ ಅವಳಿಗೆ ಬೈಯಲು ಏನೂ ಸಿಗಲಿಲ್ಲ. ಖುಷಿಯಿಂದ ತಿರುಗಿದಳು.

ತಿರುಗಿದರೆ ಬದುವಿನಾಚೆ ಒಂದು ಕಟ್ಟು ಬಿದ್ದಿದೆ!

ಆ ಮೂಲೆ ಚೇಳಣ್ಣನದು. ಮೋಡಗಳು ಉಳಲು ಹೋದಾಗ ಅವನು ಬಿಟ್ಟಿರಲಿಲ್ಲ. "ನಾನಿಲ್ಲಿ ಮಲಗಬೇಕು, ಕೆಸರುಗಿಸರು ಮಾಡಬೇಡಿ," ಎಂದು ಓಡಿಸಿದ್ದ. ಅದಕ್ಕೇ ನೆಲ ಕಲ್ಲಿನ ಹಾಗೆ ಗಟ್ಟಿ. ಆ ನೆಲದ ಮೇಲೆ, ಅವನು ಉದ್ದಕ್ಕೆ ಚಾಚಿದ ಬಾಲದ ಮೇಲೆ, ಕಟ್ಟು ಬಿದ್ದಿತ್ತು. ಬೇರಿನ ನೀರು ಆರಿತ್ತು. ಪುಟ್ಟ ನಕ್ಷತ್ರಗಳು ಕೀಂ ಕೀಂ ಎಂದು ಅಳುತ್ತಿದ್ದವು.

"ಬಂದ್ಯೇನಮ್ಮ ನಿಂಗಾಜಮ್ಮ?" ಎಂದ ಚೇಳಣ್ಣ. "ಆಗಿಂದ ಕಾಯ್ತಾ ಇದೀನಿ. ಇವುಗಳ ಅಳು ಕೇಳಿ ಕೇಳಿ ನನ್ನ ತಲೆ ಸಿಡೀತಾ ಅದೆ. ತಗೊಂಡು ಹೋಗು ಮೊದ್ಲು."

"ಗಾಳಿಯಪ್ಪ!" ಎಂದು ನಿಂಗಾಜಮ್ಮ ಕೂಗಿದ ಕೂಗಿಗೆ ಹೊಳೆಗಳು ಹರಿಯುವುದನ್ನು ನಿಲ್ಲಿಸಿದವು. "ಇದ್ಯಾವಾಗ ಎಸೆದೆಯೋ?"

"ಮೊದಲೇ ಎಸೆದಿದ್ದೆ ಅಕ್ಕಯ್ಯ."

"ಮೊದಲೇ ಎಸೆದವನು ಮೊದಲೇ ಹೇಳೋಕೆ ಏನಾಗಿತ್ತು?"

"ನೀವು ಕೇಳಲಿಲ್ವಲ್ಲ ಅಕ್ಕಯ್ಯ."

ನಿಂಗಾಜಮ್ಮ ಮತ್ತೆ ಮಾತಾಡಲಿಲ್ಲ. ಅವಳು ಮಾತು ನಿಲ್ಲಿಸಿದ್ದು ನೋಡಿ ಗಾಳಿಯಪ್ಪನಿಗೆ ಮೊದಲ ಸಲ ಹೆದರಿಕೆಯಾಯಿತು.

ಪೂರ್ವದಲ್ಲಿ ಕೆಂಪು ಹತ್ತುತ್ತಿತ್ತು. ಸೂರ್ಯ ಆ ಕಡೆಯ ಬದುವಿನಾಚೆಗೆ ಬಂದೇ ಬಿಟ್ಟಿದ್ದ. ನಿಂಗಾಜಮ್ಮ ಓಡಿ ಹೋಗಿ ಹುಲ್ಲಿನ ಗಂಟು ಕಿತ್ತಳು. ಬೇಗ ಬೇಗ ಒಂದೊಂದಾಗಿ ಬಿಡಿಸಿ, ಬದುವಿನ ಈಚೆಗೆ ತಂದು ಗೇಣಿಗೊಂದು ನೆಟ್ಟುಬಿಡೋಣ ಎಂದುಕೊಂಡಳು.

ಆದರೆ ಗಂಟು ಬಿಚ್ಚಿದರೂ ಕಟ್ಟು ಬಿಡಿಸಿಕೊಳ್ಳಲಿಲ್ಲ. ಪೈರು ಕಿತ್ತು ಬಹಳ ಹೊತ್ತು ಬಿಟ್ಟರೆ ಹಾಗಾಗುತ್ತದೆ. ಬೇರುಗಳು ಒಂದರೊಳಗೊಂದು ಹೆಣೆದುಕೊಂಡು ಚಾಪೆಯಂತಾಗಿದ್ದವು.

"ಬಿಡ್ರೇ ಒಬ್ಬರನ್ನೊಬ್ಬರು!" ಎಂದು ಗದರಿದಳು.

"ಬಿಟ್ಟರೆ ಬಿದ್ದೋಯ್ತೀವಿ ಕಣವ್ವ," ಎಂದವು ಪುಟ್ಟ ನಕ್ಷತ್ರಗಳು.

"ಬೀಳಲ್ಲ. ನಾನಿಲ್ವಾ? ಒಬ್ಬೊಬ್ಬರಿಗೂ ಒಂದೊಂದು ಜಾಗ ಕೊಡ್ತೀನಿ. ಗೇಣಿಗೊಂದು. ಅಂದವಾಗಿ ನಿಂತ್ಕೋಬೋದು."

"ನಮಗೆ ಜಾಗ ಬ್ಯಾಡ ಕಣವ್ವ."

"ಅಯ್ಯೋ ನನ್ನ ಕರ್ಮವೇ! ಜಾಗ ಬೇಡ ಅನ್ನೋ ಪೈರನ್ನ ಎಲ್ಲಾದ್ರೂ ನೋಡಿದೀರಾ?" ಎಂದು ನಿಂಗಾಜಮ್ಮ ಅಂಚಿನಲ್ಲಿದ್ದ ಒಂದನ್ನು ಹಿಡಿದು ಎಳೆದಳು.

ಪಟ್ ಎಂದು ಒಂದು ಬೇರು ಹರಿಯಿತು. ಆ ಪುಟ್ಟ ನಕ್ಷತ್ರ ಕಿರುಚಲಿಲ್ಲ. ಅದರ ಬೆಳಕು ಮಾತ್ರ ಅರ್ಧಕ್ಕೆ ಇಳಿಯಿತು. ನಿಂಗಾಜಮ್ಮನ ಕೈ ಅಲ್ಲೇ ನಿಂತಿತು.

ಎಳೆದರೆ ಬೇರು ಹರಿದು ಸಾಯುತ್ತವೆ. ಎಳೆಯದೆ ಬಿಟ್ಟರೆ ಬಿಸಿಲಿಗೆ ಒಣಗಿ ಸಾಯುತ್ತವೆ. ಬದುಕಿಸಲು ಇದ್ದದ್ದು ಒಂದೇ ದಾರಿ. ಇಡೀ ಕಟ್ಟನ್ನು ಹಾಗೇ, ಗುಡ್ಡೆಯಾಗಿ, ಬಿದ್ದ ಜಾಗದಲ್ಲೇ ನೆಡಬೇಕು.

ನಿಂಗಾಜಮ್ಮ, ಗುಡ್ಡೆ ನೆಡುವುದೆ? ಅದೂ ಎಲ್ಲರ ಕಣ್ಣಿಗೂ ಬೀಳುವ ಆಕಾಶದಲ್ಲಿ? ಎಷ್ಟು ಜನರ ನಾಟಿಯನ್ನು ಅವಳು ಕಿತ್ತು ಬಿಸಾಡಿದ್ದಳು! ಅವರೆಲ್ಲ ನಾಳೆ ತಲೆಯೆತ್ತಿ ನೋಡುತ್ತಾರೆ. ಅವಳಿಗೆ ನಾಚಿಕೆಯಾಯಿತು, ಸಿಟ್ಟು ಬಂತು, ಅಳುವೂ ಬಂತು. ಯಾವುದು ಮೊದಲು ಬಂತೆಂದು ಕೇಳಬೇಡಿ, ನಾನು ಅಲ್ಲಿರಲಿಲ್ಲ.

"ಚೇಳಣ್ಣ," ಎಂದಳು. "ಇಲ್ಲೊಂದು ಹಿಡಿ ಜಾಗ ಕೊಡು."

"ನಾನು ಅವತ್ತೇ ಹೇಳಿದ್ದೆ, ನನ್ನ ಮೂಲೇಲಿ ಕೆಸರು ಬೇಡ ಅಂತ."

"ಕೊಡಣ್ಣ. ಸತ್ತೋಗ್ತವೆ ಕೂಸುಗಳು."

ಚೇಳಣ್ಣ ಸೀದಾ ಉತ್ತರ ಕೊಡುವವನಲ್ಲ. ಮುಖ ಗಂಟು ಹಾಕಿಕೊಂಡ. "ಬದುಕಿದ್ರೆ ಅಳ್ತವೆ, ಸತ್ರೆ ನಾರ್ತವೆ. ಎರಡು ಕಡೆಯಿಂದಲೂ ನನಗೇ ಕಷ್ಟ," ಎಂದು ಗೊಣಗಿದ. ಗೊಣಗುತ್ತಲೇ ಬಾಲದ ಕೊಂಡಿಯನ್ನು ನೆಲಕ್ಕೆ ಊರಿ ಗರಗರ ಕೊರೆಯಲು ಶುರುಮಾಡಿದ. ಕಲ್ಲುನೆಲ ಪುಡಿಯಾಯಿತು.

"ನೀರು!" ಎಂದಳು ನಿಂಗಾಜಮ್ಮ.

ಗಾಳಿಯಪ್ಪ "ಆಯ್ತು ಅಕ್ಕಯ್ಯ" ಎನ್ನಲಿಲ್ಲ. ಏನೂ ಅನ್ನದೆ ಹೋದ. ದಾರಿಯಲ್ಲಿ ಯಾವ ಮರವನ್ನೂ ಅಲ್ಲಾಡಿಸಲಿಲ್ಲ, ಯಾವ ಹುಲ್ಲಿನ ಜೊತೆಗೂ ಹರಟಲಿಲ್ಲ. ಹೊಳೆಯ ಹತ್ತಿರ ಹೋಗಿ, "ಹೊಳೆಯವ್ವ, ತಪ್ಪು ನನ್ನದು. ಒಂದು ಬೊಗಸೆ ಕೊಡು," ಎಂದ. ಹೊಳೆ ಎರಡು ಬೊಗಸೆ ಕೊಟ್ಟಿತು. ಒಂದು ಹನಿಯೂ ಚೆಲ್ಲದಂತೆ ತಂದು ಸುರಿದ. ಹೇಳಿದ ಕೆಲಸವನ್ನು ಹೇಳಿದ ಹಾಗೆ ಅವನು ಮಾಡಿದ್ದು ಅದೇ ಮೊದಲು. ಈಗಿನ ಗಾಳಿಯನ್ನು ನೋಡಿದರೆ, ಅದೇ ಕೊನೆಯೂ ಇರಬೇಕು.

ಕೆಸರಾಯಿತು. ನಿಂಗಾಜಮ್ಮ ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಬಿಡಿಸಲಿಲ್ಲ. ಅರ್ಧ ಬೆಳಕಿನದನ್ನು ನಡುವಿಗೆ ಸೇರಿಸಿದಳು. ಕಣ್ಣು ಮುಚ್ಚಿಕೊಂಡು ಗುಡ್ಡೆಯಾಗಿ ಊರಿ, ಬುಡಕ್ಕೆ ಕೆಸರು ಒತ್ತಿದಳು. ಚೇಳಣ್ಣ ಕೊಂಡಿ ತಗುಲದಿರಲಿ ಎಂದು ಬಾಲವನ್ನು ಮೇಲಕ್ಕೆತ್ತಿ ಸುರುಳಿ ಸುತ್ತಿದ. ಇವತ್ತಿಗೂ ಯಾವ ಚೇಳೂ ಬಾಲವನ್ನು ನೆಲಕ್ಕೆ ಹಾಕಿ ನಡೆಯುವುದಿಲ್ಲ.

ಆಗ ಸೂರ್ಯ ಬಂದ.

ಲೋಕಕ್ಕೆ ಮೊದಲ ಬಿಸಿಲು ಬಿತ್ತು. ಪೈರೆಲ್ಲ ಒಂದು ಗಳಿಗೆ ಬಾಡಿ, ಮತ್ತೆ ತಲೆಯೆತ್ತಿತು. ಗುಡ್ಡೆಯ ಪುಟ್ಟ ನಕ್ಷತ್ರಗಳೂ ಬಾಡಿದವು. ನಿಂಗಾಜಮ್ಮ ಬಗ್ಗಿ ನೋಡಿದಳು. ಒಂದು ಎದ್ದಿತು, ಪಕ್ಕದ್ದನ್ನು ಎಬ್ಬಿಸಿತು. ಅದು ಇನ್ನೊಂದನ್ನು ಎಬ್ಬಿಸಿತು. ಕಟ್ಟಕಡೆಗೆ ಅರ್ಧ ಬೆಳಕಿನದೂ, ನಾಲ್ಕೂ ಕಡೆಯವರಿಗೆ ಒರಗಿಕೊಂಡು, ನಿಂತಿತು.

ಸೂರ್ಯ ಗದ್ದೆಯ ಮೇಲೆ ಕಣ್ಣಾಡಿಸಿದ. "ಚೆನ್ನಾಗಿ ನೆಟ್ಟಿದೀಯ ತಾಯಿ. ಆದರೆ ಆ ತೆಂಕಣ ಮೂಲೆಯಲ್ಲಿ ಏನದು, ಗುಡ್ಡೆ?"

ಗಾಳಿಯಪ್ಪ ತಲೆ ತಗ್ಗಿಸಿದ. ಎಲ್ಲಿ ತನ್ನ ಹೆಸರು ಬರುತ್ತದೋ ಎಂದು ಕಾದ.

"ಅದಾ ಸ್ವಾಮಿ?" ಎಂದಳು ನಿಂಗಾಜಮ್ಮ, ಸೆರಗು ಕೊಡವುತ್ತಾ. "ಅದು ಮಿಕ್ಕಿದ ಪೈರು. ಎಲ್ಲಾದ್ರೂ ಒಂದು ಸತ್ತೋದ್ರೆ ಆ ಜಾಗಕ್ಕೆ ನೆಡಬೇಕಲ್ಲ, ಅದಕ್ಕೇ ಬೇಕೂಂತಲೇ ಇಟ್ಟಿದೀನಿ. ನಾಟಿ ಗೊತ್ತಿರೋರೆಲ್ಲ ಇಡ್ತಾರೆ. ನಿಮಗೇನು ಗೊತ್ತು?"

ಸೂರ್ಯ ತಲೆಯಾಡಿಸಿದ. ಕೆಳಗೆ ಭೂಮಿಯಲ್ಲಿ ನಾಟಿಗೆ ಇಳಿದಿದ್ದ ಹೆಂಗಸರು ಈ ಮಾತು ಕೇಳಿಸಿಕೊಂಡು, ಓಹೋ ಹೀಗೆ ಮಾಡಬೇಕು ಎಂದುಕೊಂಡರು. ಅವತ್ತಿನಿಂದ ಅವರೂ ಗದ್ದೆಯ ಮೂಲೆಯಲ್ಲಿ ಒಂದು ಹಿಡಿ ಪೈರನ್ನು ಗುಡ್ಡೆಯಾಗಿ ಊರುತ್ತಾರೆ. ಎಲ್ಲಾದರೂ ಪೈರು ಸತ್ತರೆ ಅದರಿಂದ ಕಿತ್ತು ಆ ಜಾಗ ತುಂಬುತ್ತಾರೆ.

ಆಕಾಶದಲ್ಲೂ ಪೈರು ಸಾಯುತ್ತದೆ. ಸ್ವಲ್ಪ ದಿನಕ್ಕೆ ಉತ್ತರದಲ್ಲಿ ಒಂದು ನಕ್ಷತ್ರ ಉದುರಿತು. ಗಾಳಿಯಪ್ಪ ಓಡಿ ಬಂದ. "ಅಕ್ಕಯ್ಯ, ಅಲ್ಲೊಂದು ಖಾಲಿ ಬಿದ್ದಿದೆ. ಮಿಕ್ಕಿದ ಪೈರಿನಿಂದ ಒಂದು ಕಿತ್ತು ತರಲಾ?"

"ನೀನು ಅದರ ಹತ್ತಿರ ಹೋಗು, ಕಾಲು ಮುರೀತೀನಿ!" ಎಂದಳು ನಿಂಗಾಜಮ್ಮ. ತಾನೇ ಹೋದಳು. ಗುಡ್ಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಕೈ ಚಾಚಿದಳು. ಪುಟ್ಟ ನಕ್ಷತ್ರಗಳು ಗಬಕ್ಕನೆ ಒಂದನ್ನೊಂದು ಹಿಡಿದುಕೊಂಡವು.

"ಶನಿಗಳಾ," ಎಂದಳು ನಿಂಗಾಜಮ್ಮ. ಬುಡಕ್ಕೆ ಇನ್ನೊಂದಿಷ್ಟು ಕೆಸರು ಒತ್ತಿ ಎದ್ದು ಬಂದಳು. ಗಾಳಿಯಪ್ಪನಿಗೆ, "ನಾಳೆ ನೋಡೋಣ," ಎಂದಳು.

ನಾಟಿಯ ತಿಂಗಳಲ್ಲಿ, ಮೋಡ ಸರಿದ ದಿನ, ಊಟಕ್ಕೆ ಕೂರುವ ಮೊದಲು ಹೊರಗೆ ಬಂದು ದಕ್ಷಿಣಕ್ಕೆ ನೋಡಿ. ಚೇಳು ಬಾಲ ಸುರುಳಿ ಸುತ್ತಿಕೊಂಡು ಮಲಗಿರುತ್ತದೆ. ಅದರ ಕೊಂಡಿಯ ಎಡಕ್ಕೆ, ತುಸು ಮೇಲೆ, ಒಂದು ಹಿಡಿ ಮಸುಕು ಬೆಳಕು ಕಾಣುತ್ತದೆ. ಮೋಡದ ಚೂರು ಎನ್ನಬೇಡಿ, ಹೇಳಿ ಹೇಳಿ ನನಗೆ ಸಾಕಾಗಿದೆ. ಕಣ್ಣು ಕಿರಿದು ಮಾಡಿ ನೋಡಿದರೆ ಪುಟ್ಟ ನಕ್ಷತ್ರಗಳು ಕಾಣುತ್ತವೆ. ಆಕಾಶದಲ್ಲಿ ಅಷ್ಟೊಂದು ಕಡೆ ಖಾಲಿ ಬಿದ್ದಿದ್ದರೂ ನಿಂಗಾಜಮ್ಮ ಇವತ್ತಿನವರೆಗೂ ಆ ಗುಡ್ಡೆಯಿಂದ ಒಂದನ್ನೂ ಕಿತ್ತಿಲ್ಲ.