ಮೀನುಗಣ್ಣಿನ ಚೇಷ್ಟೆ

ಇಂದುಧರನ ಪುಟ್ಟ ಕ್ಯಾಮೆರಾಕ್ಕೆ ಇಬ್ಬರು ಜೊತೆಗಾರರಿದ್ದರು: ಬೆಲೆಬಾಳುವ ಗಾಜಿನ ಲೆನ್ಸು, ಅಗ್ಗದ ಪ್ಲಾಸ್ಟಿಕ್ಕಿನ ಮೀನುಗಣ್ಣು ಲೆನ್ಸು. ಮೀನುಗಣ್ಣು ಮುಖವನ್ನು ಸೋರೆಬುರುಡೆಯಂತೆ ಉಬ್ಬಿಸಿ ತೋರಿಸಿದಾಗಲೆಲ್ಲ ಇಂದುಧರನ ಹೆಂಡತಿ ಸುಗುಣಾ ಬಿದ್ದು ಬಿದ್ದು ನಗುತ್ತಿದ್ದಳು. ಆ ನಗೆಯ ರುಚಿ ಹತ್ತಿದ ಕ್ಯಾಮೆರಾ ಮೀನುಗಣ್ಣನ್ನು ಬಿಟ್ಟಿರದಾಯಿತು.

"ಅಯ್ಯಾ, ಒಮ್ಮೆಯಾದರೂ ಅವಳನ್ನು ಇದ್ದಂತೆಯೇ ನೋಡೋಣ," ಎಂದಿತು ಗಾಜಿನ ಲೆನ್ಸು.

"ಅವಸರವೇನು? ಅವಳೆಲ್ಲಿಗೆ ಹೋಗುತ್ತಾಳೆ?" ಎಂದಿತು ಕ್ಯಾಮೆರಾ.

ಆ ವರ್ಷವೇ ಸುಗುಣಾ ಜ್ವರ ಬಂದು ತೀರಿಕೊಂಡಳು. ಹಾರ ಹಾಕಲು ಒಂದು ಪಟ ಬೇಕೆಂದು ಇಂದುಧರ ಕ್ಯಾಮೆರಾದಲ್ಲೆಲ್ಲ ತಡಕಾಡಿದ. ಯಾವ ಚಿತ್ರದಲ್ಲೂ ಅವಳ ಮುಖವಿರಲಿಲ್ಲ, ಬರೀ ಉಬ್ಬಿದ ಮೂಗಿತ್ತು. ಅವನು ಬಿಕ್ಕಿದ್ದನ್ನು ಕಂಡು ಕ್ಯಾಮೆರಾ ಮೀನುಗಣ್ಣನ್ನು ಕಳಚಿಹಾಕಿತು.

"ಬಾರಯ್ಯಾ, ಈಗ ನಿನ್ನನ್ನೇ ತೊಡುತ್ತೇನೆ," ಎಂದು ಗಾಜಿನ ಲೆನ್ಸನ್ನು ಕರೆಯಿತು.

"ಬಂದೆ. ಯಾರನ್ನು ನೋಡೋಣ?" ಎಂದಿತು ಗಾಜಿನ ಲೆನ್ಸು.