ಹಿಂದೆ ಬರೋರು

ಕಾಲು ಒದೀಬೇಡ ಪುಟ್ಟಿ, ಕಂಬಳಿ ಸರಿಯಾಗಿ ಹೊದ್ಕೊ. ಹೂಂಗುಟ್ಟದಿದ್ರೆ ನಾನು ಅರ್ಧಕ್ಕೇ ನಿಲ್ಲಿಸಿ ಮಲಗಿಬಿಡ್ತೀನಿ, ಆಮೇಲೆ ಅಳಬಾರದು.

ಒಂದಾನೊಂದು ಕಾಲದಲ್ಲಿ, ಅಂದ್ರೆ ಬಸ್ಸೂ ಇಲ್ಲ ಹೋಟ್ಲೂ ಇಲ್ಲದ ಕಾಲದಲ್ಲಿ, ಘಟ್ಟದ ಮೇಲೆ ಜಟ್ಟಪ್ಪ ಅಂತ ಒಬ್ಬ ಹುಡುಗ ಇದ್ದನಂತೆ. ನೋಡೋಕೆ ಲಕ್ಷಣ, ದುಡಿಯೋಕೆ ಗಟ್ಟಿ, ಆದ್ರೆ ತಿಂದ ಎಲೆ ಎತ್ತಿ ಗೊತ್ತಿಲ್ಲ. ಸಮುದ್ರದ ಕಡೆ ಊರಲ್ಲಿ ಹೊನ್ನಿ ಅನ್ನೋ ಹುಡುಗಿ ಇದ್ದಳಂತೆ. ಯುಗಾದಿ ಕಳೀತು, ಹೋಗಿ ಆ ಹುಡುಗಿ ನೋಡ್ಕೊಂಡು, ಹಾಗೇ ಎತ್ತಿನ ಮೇಲೆ ಉಪ್ಪು ಹೇರ್ಕೊಂಡು ಬಾ ಅಂತ ತಾಯಿ ಕಳಿಸಿದಳಂತೆ. ದಾರಿಯಲ್ಲಿ ಮೂರು ಬಿಡಾರ, ಒಂದು ಕಾಡಲ್ಲಿ, ಒಂದು ಕೆರೆ ದಂಡೇಲಿ, ಒಂದು ಸಮುದ್ರದ ಮರಳಲ್ಲಿ. ದಾರಿಹೋಕರೆಲ್ಲ ಅಲ್ಲೇ ಇಳಿದು, ಬೇಯಿಸ್ಕೊಂಡು ತಿಂದು, ಮಲಗಿ ಮುಂದೆ ಹೋಗೋದು. ತಾಯಿ ಹೇಳಿದಳಂತೆ, ಮಗಾ, ಹೊರಡೋವಾಗ ಒಲೆಗುಂಡು ಮೂರೂ ನೆಟ್ಟಗಿರಲಿ, ಪಕ್ಕದಲ್ಲಿ ಒಂದು ಹೊರೆ ಒಣ ಸೌದೆ ಇಡು, ಕುಡಿಯೋ ನೀರು ಕೆಡಿಸಬೇಡ, ಹಿಂದೆ ಬರೋರು ನಮ್ಮ ನೆಂಟರು ಅಂತ್ಲೇ ತಿಳ್ಕೊ. ಹೂಂ ಹೂಂ ಅಂದನಂತೆ, ನೀನೀಗ ಅಂತಿದ್ದೀಯಲ್ಲ, ಹಾಗೆ. ಆಮೇಲೆ ತಾಯಿ ತಾನೇ ಕಸೂತಿ ಹಾಕಿ ಹೊಲಿದ ಕೆಂಪು ಎಲೆಯಡಿಕೆ ಸಂಚಿ ಅವನ ಸೊಂಟಕ್ಕೆ ಸಿಕ್ಕಿಸಿದಳಂತೆ.

ಕಾಡಿನ ಬಿಡಾರದಲ್ಲಿ ಯಾರೋ ಪುಣ್ಯಾತ್ಮರು ಸೌದೆ ಕಟ್ಟಿಟ್ಟಿದ್ರು. ಅನ್ನ ಬೇಯಿಸ್ಕೊಂಡ, ಉಳಿದಿದ್ದನ್ನೂ ಉರಿಸಿ ಮೈ ಕಾಯಿಸ್ಕೊಂಡ, ಹೊರಡೋವಾಗ ಒಲೆಗುಂಡು ಎಡವಿ ಸಿಟ್ಟು ಬಂದು ಒದ್ದು ಉರುಳಿಸಿ ಹೋದನಂತೆ. ಆಮೇಲೆ ಕೆರೆ ಬಿಡಾರ. ಕುಡಿಯೋ ನೀರಿನ ಮೆಟ್ಟಿಲಲ್ಲೇ ಎತ್ತಿನ ಮೈ ತೊಳೆದು, ಅಲ್ಲೇ ಸಾರಿನ ಮಡಕೆ ಉಜ್ಜಿ, ಅಲ್ಲೇ ಮುಸುರೆ ಚೆಲ್ಲಿ ಹೋದನಂತೆ. ಆಮೇಲೆ ಸಮುದ್ರದ ಬಿಡಾರ. ಮರಳು ತೋಡಿ ಮಾಡಿದ ಸಿಹಿನೀರಿನ ಒರತೆ ಅಲ್ಲಿತ್ತು, ಗಾಳಿಗೆ ಮರಳು ತುಂಬದ ಹಾಗೆ ತೆಂಗಿನ ಗರಿ ಮುಚ್ಚಿದ್ರು. ಇವನು ಆ ಗರಿ ಎಳೆದು ಹಾಸ್ಕೊಂಡು ಮಲಗಿದ, ಬೆಳಗ್ಗೆ ಒರತೆ ಮುಚ್ಚದೆ ಹೊರಟ. ಸಂಚಿ ಅಲ್ಲೇ ಗರಿ ಮೇಲೆ ಬಿದ್ದಿತ್ತು, ಅದೂ ಗೊತ್ತಾಗ್ಲಿಲ್ಲ ಮಹಾರಾಯನಿಗೆ.

ಹೊನ್ನಿ ಮನೆಗೆ ಹೋದ್ರೆ ಅವಳ ತಾಯಿ ಒಬ್ಬಳೇ ಇದ್ದಳಂತೆ. ಅಪ್ಪ ಮಗಳು ಘಟ್ಟದ ಮೇಲೆ ನೆಂಟರ ಮನೆಗೆ ಹೋಗಿದಾರೆ, ನಾಳೆ ಬರ್ತಾರೆ, ನೀವು ಬಂದ ದಾರಿಲೇ ಬರೋದು ಅಂದಳಂತೆ. ಆಗಲೂ ಇವನಿಗೆ ಏನೂ ಹೊಳೀಲಿಲ್ಲ, ಬೆಲ್ಲ ನೀರು ಕುಡಿದು ಹಾಯಾಗಿ ಮಲಗಿದ.

ಮಾರನೇ ದಿನ ಅವರಿಬ್ಬರೂ ಬಂದ್ರಂತೆ. ಅಪ್ಪ ಹೊಟ್ಟೆ ಹಿಡ್ಕೊಂಡಿದಾನೆ, ಹೊನ್ನಿ ಬೆರಳಿಗೆಲ್ಲ ಬಟ್ಟೆ ಸುತ್ಕೊಂಡಿದಾಳೆ. ಊಟಕ್ಕೆ ಕೂತಾಗ ಅಪ್ಪ ಶುರು ಮಾಡಿದನಂತೆ. ನಮ್ಮ ಮುಂದೆ ಯಾವನೋ ಹೋಗಿದಾನೆ ತಮ್ಮಾ, ಕಾಡಲ್ಲಿ ಮಳೆ ಬಂತು, ಒಂದು ಒಣ ಕಡ್ಡಿ ಬಿಟ್ಟಿರಲಿಲ್ಲ, ಉಪವಾಸ ಮಲಗಿದ್ವಿ, ನಿಮಗೇನಾದ್ರೂ ಕಂಡನಾ ಅಂತ. ಇಲ್ಲ ಅಂದನಂತೆ ಜಟ್ಟಪ್ಪ. ಕೆರೇಲಿ ನೀರು ಕೆಡಿಸಿದ್ದ, ಕುಡಿದು ನನ್ನ ಹೊಟ್ಟೆ ಕೆಡ್ತು, ಯಾವ ಊರಿನವನೋ ಅಂತ. ಯಾರೋ ಏನೋ ಅಂದನಂತೆ, ತಲೆ ಎತ್ತದೆ. ಸಮುದ್ರದ ಹತ್ರ ಒರತೆ ತುಂಬ ಮರಳು, ನಾನು ಏಳೋ ಹಾಗಿರಲಿಲ್ಲ, ಈ ಹುಡುಗಿ ಕೈಯಲ್ಲೇ ತೋಡಿ ತೋಡಿ ಉಗುರು ಕಿತ್ತು ಹೋಯ್ತು, ಎಲ್ಲರೂ ನಿಮ್ಮಂಥ ಒಳ್ಳೆ ಮನೆ ಹುಡುಗರಾಗಿರ್ತಾರಾ ಹೇಳಿ ಅಂದನಂತೆ.

ಅಷ್ಟೊತ್ತಿಗೆ ಹೊನ್ನಿ ಅದೇ ಕೈಯಲ್ಲಿ ಇವನ ಎಲೆಗೆ ಅನ್ನ ಬಡಿಸಿದಳಂತೆ. ಜಟ್ಟಪ್ಪನಿಗೆ ನಾಚಿಕೆಯಿಂದ ಮೈಯೆಲ್ಲ ಬೆವರು. ಹೇಳಿದ್ರೆ ಹುಡುಗಿ ಕೈತಪ್ಪಿ ಹೋದಳು, ಹೇಳದಿದ್ರೆ ಆ ಕೈ ಬಡಿಸಿದ ಅನ್ನ ತಿನ್ನೋದು ಹೇಗೆ. ಕೊನೆಗೆ ಕೈ ಎಲೆ ಮೇಲೇ ಇಟ್ಟು, ಮಾವಾ, ಅವನು ನಾನೇ ಅಂದನಂತೆ. ಅಪ್ಪ ಅರ್ಧ ಊಟಕ್ಕೇ ಎದ್ದು ಕೈ ತೊಳೆದ.

ಜಟ್ಟಪ್ಪ ತನ್ನ ಎಲೆ ತಾನೇ ಎತ್ತಿ ಎಸೆದು ಬಂದು ಎತ್ತು ಬಿಚ್ಚಿದನಂತೆ. ಆಗ ಹೊನ್ನಿ ಹಿಂದೆ ಬಂದು ಕೆಂಪು ಸಂಚಿ ಚಾಚಿದಳು. ಒರತೆ ಪಕ್ಕದಲ್ಲಿ ಸಿಕ್ತು, ಇಂಥದೇ ಕಸೂತಿ ಚೀಲ ನಿಮ್ಮಮ್ಮ ಸಂಬಂಧ ಕೇಳಿದಾಗ ನಮ್ಮನೆಗೂ ಕಳಿಸಿದ್ರು, ನೀವೇ ಅಂತ ಅಲ್ಲೇ ಗೊತ್ತಾಯ್ತು ಅಂದಳಂತೆ. ಮತ್ತೆ ಬಂದ ತಕ್ಷಣ ಯಾಕೆ ತೋರಿಸ್ಲಿಲ್ಲ ಅಂತ ಇವನು ಕೇಳಿದ. ತೋರಿಸಿದ್ರೆ ನೀವು ಸಿಕ್ಕಿಬೀಳ್ತಿದ್ರಿ ಅಷ್ಟೇ, ನೀವಾಗಿ ಹೇಳ್ತೀರಾ ನೋಡಬೇಕಿತ್ತು ಅಂದಳಂತೆ. ಅವಳ ಬೆರಳು ಮುಟ್ಟದ ಹಾಗೆ ಸಂಚಿ ತಗೊಂಡು ಹೊರಟುಬಿಟ್ಟ.

ಆಮೇಲೆ ಒರತೆ ಮರಳು ತೆಗೆದು ಗರಿ ಮುಚ್ಚಿದ, ಕೆರೆ ಮೆಟ್ಟಿಲು ತಿಕ್ಕಿ ತೊಳೆದ, ಕಾಡಲ್ಲಿ ಒಲೆಗುಂಡು ನೆಟ್ಟು ಮಳೆ ತಾಗದ ಹಾಗೆ ಸೌದೆ ಜೋಡಿಸಿದ. ಮನೆಗೆ ಬಂದ್ರೆ ತಾಯಿ ಕೇಳಿದಳಂತೆ, ಉಪ್ಪೆಲ್ಲೋ ಅಂತ. ಅಯ್ಯೋ, ನಾಚಿಕೆಯಲ್ಲಿ ಉಪ್ಪೇ ಮರೆತಿದ್ದ. ಮುಖ ಮುಚ್ಕೊಂಡು ಎಲ್ಲ ಹೇಳಿದ, ಆ ಹುಡುಗಿ ಇನ್ನು ಸಿಗಲ್ಲಮ್ಮ ಅಂತ ಅತ್ತನಂತೆ.

ಒಂದು ವಾರ ಆದ್ಮೇಲೆ ಅಂಗಳದಲ್ಲಿ ಎತ್ತಿನ ಗಂಟೆ ಕೇಳಿಸ್ತಂತೆ. ನೋಡಿದ್ರೆ ಹೊನ್ನಿ ಅಪ್ಪ, ಎತ್ತಿನ ಮೇಲೆ ಎರಡು ಮೂಟೆ ಉಪ್ಪು, ಕೈಯಲ್ಲಿ ತಾಂಬೂಲ. ಮೂರೂ ಬಿಡಾರ ನೋಡ್ಕೊಂಡೇ ಬಂದೆ ತಮ್ಮಾ, ನಿಮ್ಮ ಸೌದೇಲೇ ಬೇಯಿಸ್ಕೊಂಡೆ ಅಂದನಂತೆ. ಮದುವೆ ಆಯ್ತು, ಚೆನ್ನಾಗೇ ಬಾಳಿದ್ರು, ಆದ್ರೂ ಹೊನ್ನಿ ಅನ್ನ ಬಡಿಸುವಾಗೆಲ್ಲ ಅವನು ಅವಳ ಬೆರಳು ನೋಡಿ ತಲೆ ತಗ್ಗಿಸ್ತಿದ್ದನಂತೆ.

ಪುಟ್ಟಿ? ಹೂಂ ಅನ್ನಲ್ಲ, ನಿದ್ದೆ ಹೋಗಿದೆ. ಉಪ್ಪು ಮನೆ ಸೇರ್ತು, ಕತೆ ಮುಗೀತು.