ಎಣಿಕೆ ಕಲ್ಲಿಗೆ ಹೋಗದ ತೆರೆಗಾರ

ಕಡಲಿಗೆ ಉಪ್ಪು ಬಂದ ಮೇಲೆ, ಮೀನಿಗೆ ರೇಟು ಬರುವ ಮೊದಲು, ಅಳಿವೆಕೋಟೆ ಅಂತ ಒಂದು ರಾಜ್ಯ ಇತ್ತು. ಅಲ್ಲಿಗೊಬ್ಬ ರಾಜ. ಹೆಸರು ಶರಧಿರಾಯ. ಬೇರೆ ರಾಜರು ಆನೆ ಏರುತ್ತಿದ್ದರು, ಕುದುರೆ ಏರುತ್ತಿದ್ದರು. ಈ ರಾಜ ತೆರೆ ಏರುತ್ತಿದ್ದ. ನಗಬೇಡಿ, ನಿಜವಾಗಿ ಏರುತ್ತಿದ್ದ. ಹಲಸಿನ ಮರದ ಹಲಗೆಯನ್ನು ನೀರಿಗೆ ಹಾಕಿ, ಅದರ ಮೇಲೆ ಬೋರಲು ಮಲಗಿ, ಹಿಂದಿನಿಂದ ತೆರೆ ಎದ್ದ ಕೂಡಲೇ ಟಣ್ಣನೆ ಎದ್ದು ನಿಂತು ಜಾರಿಕೊಂಡು ಬರುತ್ತಿದ್ದ. ರಾಜನಿಗಿಂತ ರಾಜನ ಹೊಟ್ಟೆ ಒಂದು ಗೇಣು ಮೊದಲು ದಡ ಸೇರುತ್ತದೆ ಅಂತ ಜನ ಹೇಳುತ್ತಿದ್ದರು. ರಾಜನ ಎದುರು ಹೇಳುತ್ತಿರಲಿಲ್ಲ, ಅಷ್ಟೇ.

ಒಳ್ಳೆಯ ತೆರೆ ಏಳುತ್ತಿದ್ದದ್ದು ಒಂದೇ ಕಡೆ. ಕೊಲ್ಲಿಯ ಆಚೆ, ನೀರಿನಡಿ ಒಂದು ಕಲ್ಲಿನ ಸಾಲು. ಅದಕ್ಕೆ ಕೋರೆಪಾರೆ ಅಂತ ಹೆಸರು. ಕೋರೆಹಲ್ಲಿನ ಹಾಗೆ ಚೂಪು. ಸರಿಯಾದ ದಿನ ಹೋದರೆ ಅದು ತೊಟ್ಟಿಲು. ತಪ್ಪಿದ ದಿನ ಹೋದರೆ ಅದು ಬಾಯಿ.

ಸರಿಯಾದ ದಿನ ಯಾವುದು ಅಂತ ಹೇಳುವವನಿಗೆ ಆ ರಾಜ್ಯದಲ್ಲಿ ತೆರೆಗಾರ ಅಂತ ಪದವಿ. ನಮ್ಮ ಕತೆಯ ತೆರೆಗಾರನ ಹೆಸರು ಕುಪ್ಪಣ್ಣ. ಅಪ್ಪ ತೆರೆಗಾರ, ಅಜ್ಜ ತೆರೆಗಾರ, ಆದ್ದರಿಂದ ಇವನೂ ತೆರೆಗಾರ. ಸಾಯುವ ಮೊದಲು ಅಪ್ಪ ಹೇಳಿದ್ದು ಮೂರೇ ಮಾತು.

“ಮಗಾ, ಗಾಳಿ ನೋಡು. ಮೂಡುಗಾಳಿ ತೆರೆಯ ತಲೆ ಬಾಚುತ್ತದೆ, ಪಡುಗಾಳಿ ತಲೆ ಕೆದರುತ್ತದೆ. ಬಾಚಿದ ತೆರೆಗೆ ಹೋಗು, ಕೆದರಿದ್ದಕ್ಕೆ ಹೋಗಬೇಡ.

ಮಗಾ, ನೀರು ಅಳೆ. ಏರುನೀರಿದ್ದರೆ ಕೋರೆ ಮುಚ್ಚಿರುತ್ತದೆ, ಇಳಿನೀರಾದರೆ ಕೋರೆ ಹೊರಗೆ.

ಮಗಾ, ತೆರೆ ಎಣಿಸು. ದೊಡ್ಡ ತೆರೆಗಳು ಒಂದೊಂದಾಗಿ ಬರುವುದಿಲ್ಲ, ಹಿಂಡಾಗಿ ಬರುತ್ತವೆ. ಹಿಂಡಿಗೂ ಹಿಂಡಿಗೂ ನಡುವೆ ಕಡಲು ಸುಮ್ಮನಿರುತ್ತದೆ. ಚೂರು ಹೊತ್ತು ಸುಮ್ಮನಿದ್ದರೆ ಅದು ಹತ್ತಿರದ ತೆರೆ, ಮಕ್ಕಳಾಟ. ತುಂಬ ಹೊತ್ತು ಸುಮ್ಮನಿದ್ದರೆ ಅದು ದೂರದ ಬಿರುಗಾಳಿ ಕಳಿಸಿದ ತೆರೆ. ಗದ್ದಲದ ಕಡಲಿಗೆ ಹೆದರಬೇಡ. ಮೌನದ ಕಡಲಿಗೆ ಹೆದರು.”

ಇದನ್ನೆಲ್ಲ ನೋಡಲು ಒಂದು ಜಾಗ ಇತ್ತು. ಊರು ಇದ್ದದ್ದು ಕೊಲ್ಲಿಯ ಒಳಗೆ. ಅಲ್ಲಿಗೆ ದೂರದ ತೆರೆ ಕಾಣುವುದಿಲ್ಲ. ಗುಡ್ಡ ದಾಟಿ ಆ ಕಡೆ ಇಳಿದರೆ ನೀರಿನಂಚಿಗೆ ಒಂದು ಕಲ್ಲು. ಅದು ಎಣಿಕೆ ಕಲ್ಲು. ಸವಾರಿಗೆ ಮೊದಲು ಮೂರು ನಸುಕು ತೆರೆಗಾರ ಅದರ ಮೇಲೆ ಕೂತು ಎಣಿಸಬೇಕು. ಬೇರೆ ಯಾರೂ ಅದನ್ನು ಹತ್ತುವ ಹಾಗಿಲ್ಲ. ಆ ಕಡೆ ಬೇರೆ ಯಾರು ತಾನೇ ಹೋಗುತ್ತಾರೆ? ಬಂಡೆಗೆ ಅಂಟಿದ ಪಚ್ಚಿಲೆ ಚಿಪ್ಪು ಬಿಡಿಸಿ ಮಾರುವ ನಾಲ್ಕು ಹೆಂಗಸರು, ಅಷ್ಟೇ.

ಕುಪ್ಪಣ್ಣ ಮೊದಮೊದಲು ಮೂರು ನಸುಕೂ ಹೋದ. ಚೆನ್ನಾಗಿ ಎಣಿಸಿದ. ಆಮೇಲೆ ಒಂದು ಸಲ ಚಳಿ ಹಿಡಿಯಿತು. ಎರಡು ನಸುಕು ಹೋದ, ಮೂರನೆಯದಕ್ಕೆ ಕಂಬಳಿ ಬಿಡಲಿಲ್ಲ. ಸವಾರಿ ಚೆನ್ನಾಗಿಯೇ ಆಯಿತು. ಮುಂದಿನ ಸಲ ಒಂದೇ ನಸುಕು ಹೋದ. ಆಗಲೂ ಸವಾರಿ ಚೆನ್ನಾಗಿಯೇ ಆಯಿತು. ಅದರ ಮುಂದಿನ ಸಲ ಹೋಗಲೇ ಇಲ್ಲ. ಕಿಟಕಿಯಿಂದ ಇಣುಕಿದ. ಪಕ್ಕದ ಮನೆಯವರು ಒಣಗಲು ಹಾಕಿದ ಸೀರೆ ಪಡುವಲಿಗೆ ಹಾರುತ್ತಿತ್ತು. ಸರಿ, ಮೂಡುಗಾಳಿ. ಪಂಚಾಂಗ ತೆಗೆದು ಚಂದ್ರ ನೋಡಿದ. ಸರಿ, ಬೆಳಿಗ್ಗೆ ಏರುನೀರು. ತೆರೆ? ಮೂರರಲ್ಲಿ ಎರಡು ಸರಿ ಇದ್ದ ಮೇಲೆ ಮೂರನೆಯದು ಎಲ್ಲಿ ಹೋಗುತ್ತದೆ, ಬಾಲ ಹಿಡಿದುಕೊಂಡು ಬರುತ್ತದೆ ಅಂದುಕೊಂಡ.

ರಾಜನ ಹತ್ತಿರ ಹೋಗಿ ಕೈಮುಗಿದು, “ಮೂರು ನಸುಕು ಕೂತು ನೋಡಿದೆ ಒಡೆಯಾ, ಹೋಗಬಹುದು” ಅಂದ.

ಹೇಳುವಾಗ ಕಿವಿ ಬಿಸಿಯಾಯಿತು. ಆದರೆ ಸವಾರಿ ಆ ಸಲವೂ ಚೆನ್ನಾಗಿಯೇ ಆಗಿಬಿಟ್ಟಿತು! ರಾಜ ಬೆನ್ನು ತಟ್ಟಿ, “ಭಲೇ ಕುಪ್ಪಣ್ಣ, ನಿನ್ನ ಕಣ್ಣಿಗೆ ದೃಷ್ಟಿ ತೆಗೀಬೇಕು” ಅಂದ. ಬೆನ್ನ ಮೇಲೆ ಬಿದ್ದ ಆ ಕೈ ಕುಪ್ಪಣ್ಣನಿಗೆ ಕೆಂಡ ಇಟ್ಟ ಹಾಗಾಯಿತು.

ಹಾಗಾದರೆ ಮುಂದಿನ ಸಲ ನೆಟ್ಟಗೆ ಹೋಗಬಹುದಿತ್ತಲ್ಲ, ಅಂತ ನೀವು ಕೇಳುತ್ತೀರಿ. ಹೊರಟಿದ್ದ, ಪಾಪ. ಗುಡ್ಡದ ನೆತ್ತಿಯವರೆಗೂ ಹೋಗಿದ್ದ. ಕೆಳಗೆ ಪಚ್ಚಿಲೆ ಹೆಂಗಸರ ನಗು ಕೇಳಿಸಿತು. “ಇಷ್ಟು ದಿನ ಎಲ್ಲಿ ಸತ್ತಿದ್ಯೋ ಕುಪ್ಪಣ್ಣ?” ಅಂತ ಕೇಳಿದರೆ ಏನು ಹೇಳಲಿ? ನಾಚಿಕೆಯಾಯಿತು. ಹಾಗೇ ತಿರುಗಿ ಬಂದ. ಹೋಗದ್ದಕ್ಕೆ ನಾಚಿಕೆ, ನಾಚಿಕೆಗೆ ಮತ್ತೆ ಹೋಗದೆ ಇದ್ದದ್ದು. ಹೀಗೆ ಎರಡು ವರ್ಷ ಕಳೆಯಿತು. ಕಡಲಿನ ಸದ್ದು ಕೇಳಿದರೆ ಅಪ್ಪ ಕೆಮ್ಮಿದ ಹಾಗೆ ಆಗಿ, ಕುಪ್ಪಣ್ಣ ಕಿಟಕಿಯನ್ನೂ ಮುಚ್ಚುವವನಾದ.

ಅಷ್ಟರಲ್ಲಿ ರಾಜನ ಮಗಳು ಸಂಪಿಗೆಗೆ ಹನ್ನೆರಡು ತುಂಬಿತು. ಅಳಿವೆಕೋಟೆಯಲ್ಲಿ ಪಟ್ಟ ಏರುವವರು ಮೊದಲು ಹಲಗೆ ಏರಬೇಕು. ಹನ್ನೆರಡನೇ ವರ್ಷಕ್ಕೆ ಕೋರೆಪಾರೆಯ ತೆರೆ ಏರಿ ಬರಬೇಕು. ಅದು ವಾಡಿಕೆ. ಸಂಪಿಗೆಗೆ ಈಜು ಕಲಿಸಿದವನು, ಹಲಗೆಯ ಮೇಲೆ ನಿಲ್ಲಲು ಕಲಿಸಿದವನು ಇದೇ ಕುಪ್ಪಣ್ಣ. ಸ್ವಂತ ಮಕ್ಕಳಿಲ್ಲದ ಅವನನ್ನು ಅವಳು “ಕುಪ್ಪು ಮಾವ” ಅನ್ನುತ್ತಿದ್ದಳು.

“ಕುಪ್ಪು ಮಾವ, ಯಾವತ್ತು ಹೋಗೋಣ?”

“ನೋಡಿ ಹೇಳ್ತೇನೆ ಮಗೂ.”

ಮೊದಲನೇ ನಸುಕು ಎದ್ದು ಕೂತ. ಮುಂಡಾಸು ಸುತ್ತಿದ, ಮುಂಡಾಸು ಬಿಚ್ಚಿದ, ಮಲಗಿದ. ಎರಡನೇ ನಸುಕು ಬಾಗಿಲವರೆಗೆ ಹೋದ, ಬಾಗಿಲು ಹಾಕಿದ, ಮಲಗಿದ. ಮೂರನೇ ನಸುಕು ಅಂಗಳದವರೆಗೆ ಹೋದ. ಪಕ್ಕದ ಮನೆ ಸೀರೆ ಚೆನ್ನಾಗಿ ಪಡುವಲಿಗೆ ಹಾರುತ್ತಿತ್ತು. ಇನ್ನೇನು ಬೇಕು? ಅಂದುಕೊಂಡು ಅರಮನೆಗೆ ಹೋಗಿ ಹೇಳಿಯೇಬಿಟ್ಟ. “ಮೂರು ನಸುಕು ಕೂತು ನೋಡಿದೆ ಒಡೆಯಾ. ನಾಳೆ ಹೋಗಬಹುದು.”

ಮರುದಿನ ಬೆಳಿಗ್ಗೆ ಊರಿಗೆ ಊರೇ ಮರಳಿಗೆ ಬಂತು. ಕೊಲ್ಲಿಯ ತುದಿಯಲ್ಲಿ ನಿಂತರೆ ಕೋರೆಪಾರೆ ಕಾಣುತ್ತದೆ. ಮೂಡುಗಾಳಿ ಮೆಲ್ಲಗೆ ಬೀಸುತ್ತಿತ್ತು. ನೀರು ಏರಿತ್ತು. ಕಡಲೋ, ಎಣ್ಣೆ ಹೊಯ್ದ ಬಾಣಲೆಯ ಹಾಗೆ ಸಪಾಟು! ಸಂಪಿಗೆ ಕಾಯಬೇಕಾದ ಜಾಗದಲ್ಲಿ ಲಂಗರು ಕಟ್ಟಿ ಒಂದು ಬಿದಿರು ತೇಲಿಸಿದ್ದರು, ಅದರ ತುದಿಗೆ ಕೆಂಪು ಬಟ್ಟೆ. ಹುಡುಗಿ ತನಗಿಂತ ಉದ್ದದ ಹಲಗೆ ಹಿಡಿದು ಕುಣಿಯುತ್ತಿದ್ದಳು.

“ಮಾವ, ತೆರೆಯೇ ಇಲ್ಲವಲ್ಲ!”

“ಬರ್ತದೆ ಮಗೂ, ಸಣ್ಣದಾಗಿ ಬರ್ತದೆ. ನಿನ್ನ ಅಳತೆಗೇ ಹೇಳಿ ಮಾಡಿಸಿದ್ದೇನೆ” ಅಂದ ಕುಪ್ಪಣ್ಣ. ಎಲ್ಲರೂ ನಕ್ಕರು. ಅವನ ಎದೆಯೊಳಗೆ ಅಪ್ಪನ ಮಾತು ಒಂದು ಸಲ ಮಿಸುಕಾಡಿತು. ಈ ಮೌನಕ್ಕೆ ಎಷ್ಟು ಹೊತ್ತಾಯಿತು? ಎಣಿಸಿದವರು ಯಾರು? ಅವನು ಮುಖ ತಿರುಗಿಸಿ ಹಲಗೆಗೆ ಮೇಣ ಉಜ್ಜತೊಡಗಿದ.

ಆಗ ಗುಡ್ಡದ ಕಡೆಯಿಂದ ಪಚ್ಚಿಲೆ ಹೆಂಗಸು ಬೆಳ್ಳಕ್ಕ ಬಂದಳು. ತಲೆಯ ಮೇಲೆ ಬುಟ್ಟಿ, ಸೀರೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿದೆ. ಬೆಳ್ಳಕ್ಕನಿಗೆ ಪಾಠ ಇಲ್ಲ, ಪದವಿ ಇಲ್ಲ. ಆದರೆ ನಲವತ್ತು ವರ್ಷ ಕಡಲಿಗೆ ಬೆನ್ನು ಮಾಡಿ ಬಂಡೆ ಕೆರೆದವಳು. ತೆರೆ ಎಣಿಸದಿದ್ದರೆ ಎಂದೋ ನೀರುಪಾಲಾಗಿರುತ್ತಿದ್ದಳು. ಒಂದು ಹಿಂಡು ಹೋದ ಮೇಲೆ ಇನ್ನೊಂದು ಬರುವುದರೊಳಗೆ ಆ ದಿನ ಅವಳ ಬುಟ್ಟಿ ಅರ್ಧ ತುಂಬಿತ್ತು. ಅಷ್ಟು ಉದ್ದದ ಮೌನ ಅವಳು ಕಂಡದ್ದೇ ಅಪರೂಪ.

ಅವಳು ಕಾವಲಿನವನಿಗೆ, “ಅಪ್ಪಾ, ಇವತ್ತು ಮಗೂನ ಬಿಡಬೇಡಿ” ಅಂದಳು.

“ಅಜ್ಜೀ, ನೀನು ಪಚ್ಚಿಲೆ ಮಾರು. ತೆರೆ ಮಾರಲು ನಮ್ಮಲ್ಲಿ ಬೇರೆ ಜನ ಉಂಟು” ಅಂದ ಅವನು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಕಿರುಚುತ್ತಿದ್ದಿರಿ. ಬೆಳ್ಳಕ್ಕ ಕಿರುಚಲಿಲ್ಲ. ರಾಜನ ತೆರೆಗಾರನ ಮಾತಿನ ಮುಂದೆ ಪಚ್ಚಿಲೆಯವಳ ಕೂಗು ಕಾಗೆಯ ಕೂಗು. ಅವಳು ನೇರ ಕುಪ್ಪಣ್ಣನ ಎದುರಿಗೆ ಹೋಗಿ, ಬುಟ್ಟಿ ಇಳಿಸಿ, ಎರಡೂ ಕೈ ಮುಗಿದಳು.

“ಕುಪ್ಪಣ್ಣಾ, ನಿನ್ನಂಥ ತೆರೆಗಾರ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದಿಲ್ಲ! ಹೊರಡುವ ಮೊದಲು ಈ ಮಕ್ಕಳಿಗೆ ನಾಲ್ಕು ಮಾತು ಹೇಳು ಮಾರಾಯಾ. ಎಣಿಕೆ ಕಲ್ಲಿನ ಮೇಲೆ ಹೇಗೆ ಕೂತೆ, ಹೇಗೆ ನೋಡಿದೆ? ಕೇಳಿ ಬುದ್ಧಿ ಬರಲಿ.”

ರಾಜನಿಗೆ ಇಂಥದ್ದೆಲ್ಲ ಬಹಳ ಇಷ್ಟ. “ಹೌದಲ್ಲ! ಹೇಳು ಕುಪ್ಪಣ್ಣ, ಮಗಳೂ ಕೇಳಲಿ” ಅಂದ. ಸಂಪಿಗೆ ಹಲಗೆ ಕೆಳಗಿಟ್ಟು ಕೂತಳು.

ಕುಪ್ಪಣ್ಣ ತಪ್ಪಿಸಿಕೊಳ್ಳಲು ಹಲಗೆಯ ಕಡೆ ಬಗ್ಗಿದ. ಆದರೆ ಇಷ್ಟು ಜನ ನೋಡುತ್ತಿರುವಾಗ ಏನು ಮಾಡುವುದು?

“ಎಲ್ಲಿಗೆ ಮುಖ ಮಾಡಿ ಕೂತೆ?” ಅಂದಳು ಬೆಳ್ಳಕ್ಕ.

“ಪಡುವಲಿಗೆ. ಅಪ್ಪ ಕೂರುತ್ತಿದ್ದ ಗುಳಿಯಲ್ಲೇ.” ಅಪ್ಪ, ಗುಳಿ, ಅಜ್ಜ ಅಂತ ಒಂದಷ್ಟು ಹೊತ್ತು ಎಳೆದ. ಕಡಲು ಸುಮ್ಮನಿತ್ತು.

“ಕಲ್ಲು ತಣ್ಣಗಿತ್ತಾ?”

“ತಣ್ಣಗೆ ಅಂದರೆ! ಮೂರು ದಿನ ಆಯಿತು, ಕುಂಡೆಗೆ ಇನ್ನೂ ಜೀವ ಬಂದಿಲ್ಲ.” ಜನ ಬಿದ್ದು ಬಿದ್ದು ನಕ್ಕರು. ನಗು ಬಂದದ್ದೇ ಅವನಿಗೆ ಧೈರ್ಯ ಬಂತು. ಇಬ್ಬನಿ ಹೇಗಿತ್ತು, ಏಡಿ ಹೇಗೆ ಕಾಲು ಕಚ್ಚಿತು ಅಂತ ಇನ್ನೊಂದಷ್ಟು ಹೊತ್ತು ಎಳೆದ. ಕಡಲು ಸುಮ್ಮನಿತ್ತು.

“ಅಷ್ಟು ಹಳೆಯ ಕಲ್ಲಪ್ಪಾ. ಕೂತಾಗ ಅಲುಗಲಿಲ್ಲವಾ?”

“ಅಲುಗುವುದಾ? ಬೆಳ್ಳಕ್ಕಾ, ಅರಮನೆ ಅಲುಗಿದರೂ ಆ ಕಲ್ಲು ಅಲುಗುವುದಿಲ್ಲ!”

ಆ ಮಾತು ಮುಗಿಯುವುದಕ್ಕೂ ದೂರದಲ್ಲಿ ನೀರು ಕಪ್ಪು ಗೆರೆಯಾಗಿ ಏಳುವುದಕ್ಕೂ ಸರಿಹೋಯಿತು. ಒಂದು ಗೆರೆ. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು. ಮೊದಲನೇ ತೆರೆ ಬಂದು ಕೋರೆಪಾರೆಯ ಮೇಲಿನ ನೀರನ್ನೆಲ್ಲ ಹೀರಿತು. ಏರುನೀರಿನಲ್ಲೂ ಕೋರೆಗಳು ಬೆತ್ತಲೆ ನಿಂತವು. ಎರಡನೇ ತೆರೆ ತೆಂಗಿನ ಮರದೆತ್ತರ ಎದ್ದು ಅವುಗಳ ಮೇಲೆ ಅಪ್ಪಳಿಸಿತು. ಮರಳಿನ ಮೇಲೆ ನಿಂತವರ ಪಾದಕ್ಕೂ ಗುದ್ದು ತಾಗಿತು. ಮೂರನೇ ತೆರೆ ಹೋದ ಮೇಲೆ ನೋಡಿದರೆ ಬಿದಿರಿಲ್ಲ, ಲಂಗರಿಲ್ಲ, ಕೆಂಪು ಬಟ್ಟೆ ಇಲ್ಲ.



ಬೆಳ್ಳಕ್ಕ ಬುಟ್ಟಿಯಿಂದ ಒಂದು ಹಿಡಿ ಪಚ್ಚಿಲೆ ತೆಗೆದು ಕುಪ್ಪಣ್ಣನ ಅಂಗೈಯಲ್ಲಿಟ್ಟಳು. “ತಮ್ಮಾ, ನಿನ್ನ ಎಣಿಕೆ ಕಲ್ಲು ಹೋದ ವರ್ಷದ ಮಳೆಗಾಲದಲ್ಲೇ ಉರುಳಿ ನೀರಿಗೆ ಬಿತ್ತು. ಇದನ್ನು ಅದರ ಮೈಯಿಂದಲೇ ಕೆರೆದು ತಂದೆ. ನೀನು ಬಂದರೆ ಹೇಳೋಣ ಅಂತ ನಾವು ಕಾದೆವು. ನೀನು ಬರಲೇ ಇಲ್ಲ. ನಿನ್ನ ಮಾನ ಹೋಗುತ್ತದೆ ಅಂತ ಯಾರಿಗೂ ಹೇಳಲೂ ಇಲ್ಲ. ಆ ತಪ್ಪು ನಮ್ಮದೂ ಉಂಟು.”

ಕುಪ್ಪಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭೂಮಿ ಬಿಡಲಿಲ್ಲ. ಮೊದಲೇ ಮರಳು, ಅದಕ್ಕೆಲ್ಲಿ ಬಾಯಿ! ರಾಜ ಬೈಯುತ್ತಾನೆ ಅಂತ ತಲೆ ತಗ್ಗಿಸಿ ಕಾದ. ರಾಜ ಬೈಯಲಿಲ್ಲ. ಹೊಡೆಸುತ್ತಾನೆ ಅಂತ ಬೆನ್ನು ಬಗ್ಗಿಸಿ ಕಾದ. ಹೊಡೆಸಲಿಲ್ಲ. ಓಡಿಸುತ್ತಾನೆ ಅಂತ ಕಾದ. ಅದೂ ಇಲ್ಲ. ರಾಜ ಅವನ ಮುಖವನ್ನೇ ನೋಡದೆ, ಬೆಳ್ಳಕ್ಕನ ಕಡೆ ತಿರುಗಿ, “ಅಮ್ಮಾ, ಇನ್ನು ಮೇಲೆ ಸವಾರಿಗೆ ದಿನ ನೀವು ಹೇಳಿ” ಅಂದ. ಅಷ್ಟೇ ಅಂದು, ಮಗಳ ತಲೆ ಸವರಿದ.

ಸಂಪಿಗೆ ಕುಪ್ಪಣ್ಣನ ಹತ್ತಿರ ಬಂದಳು.

“ಕುಪ್ಪು ಮಾವ, ನೀನು ನೋಡಿರಲಿಲ್ಲವಾ?”

ಅವನ ನಾಲಗೆಯ ತುದಿಗೆ ಮೂರು ಸುಳ್ಳು ಬಂದು ನಿಂತವು. ಮಂಜು ಕವಿದಿತ್ತು ಅನ್ನಬಹುದಿತ್ತು. ಕಣ್ಣು ನೋವಿತ್ತು ಅನ್ನಬಹುದಿತ್ತು. ಕಡಲೇ ಮೋಸ ಮಾಡಿತು ಅನ್ನಬಹುದಿತ್ತು. ಮೂರೂ ಚೆನ್ನಾಗಿದ್ದವು. ಹುಡುಗಿ ನಂಬುತ್ತಿದ್ದಳು ಕೂಡ. ಅವಳು ನಂಬುತ್ತಾಳೆ ಅನ್ನುವುದನ್ನೇ ಅವನಿಗೆ ತಡೆಯಲಾಗಲಿಲ್ಲ.

“ಇಲ್ಲ ಮಗೂ. ನೋಡಿರಲಿಲ್ಲ.”

ಸಂಪಿಗೆ ತನ್ನ ಹಲಗೆಯ ಕಡೆ ತಿರುಗಿದಳು. ಹಲಗೆ ಎತ್ತಿಕೊಳ್ಳಲು ಕುಪ್ಪಣ್ಣ ಕೈ ನೀಡಿದ. ಯಾವಾಗಲೂ ಅವನೇ ಹೊರುತ್ತಿದ್ದದ್ದು. ಅವಳು, “ಬೇಡ, ನಾನೇ ತಗೊಳ್ತೇನೆ” ಅಂದು, ತನಗಿಂತ ಉದ್ದದ ಹಲಗೆಯನ್ನು ಮರಳಿನಲ್ಲಿ ಎಳೆದುಕೊಂಡು ಹೋದಳು. ಮರಳಿನ ಮೇಲೆ ಗೆರೆ ಬಿತ್ತು. ಚಾಟಿ ಏಟಾದರೂ ಅಷ್ಟು ಉರಿಯುತ್ತಿರಲಿಲ್ಲ.

ಮರುದಿನ ನಸುಕಿಗೆ ಕುಪ್ಪಣ್ಣ ಗುಡ್ಡ ಇಳಿದು ಆ ಕಡೆ ಹೋದ. ಪಚ್ಚಿಲೆ ಹೆಂಗಸರು ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಅವನು ಅವರ ಹಿಂದೆ ಮೊಣಕಾಲು ನೀರಿನಲ್ಲಿ ನಿಂತು ಎಣಿಸಿದ. ಅದರ ಮರುದಿನವೂ ಹೋದ. ವರ್ಷಗಟ್ಟಲೆ ಹೋದ. ದಾರಿಯಲ್ಲಿ ಯಾರಾದರೂ, “ಏನಪ್ಪಾ, ಇವತ್ತು ಕಡಲು ಹೇಗುಂಟು?” ಅಂತ ಕೇಳಿದರೆ, ನಾಚಿಕೆಯಿಂದ ಮುಖ ಕೆಂಪಗೆ ಮಾಡಿಕೊಂಡು, “ಇನ್ನೂ ನೋಡಿಲ್ಲ. ನೋಡಿ ಬಂದು ಹೇಳ್ತೇನೆ” ಅನ್ನುತ್ತಿದ್ದ.

ಕತೆ ಹೇಳಿದ ಬಾಯಿಗೆ ಒಂದು ಲೋಟ ನೀರು ಕೊಡಿ. ಕೇಳಿದ ಕಿವಿಗೆ ಈ ಮಾತು ಇಟ್ಟುಕೊಳ್ಳಿ: ನೋಡಿಲ್ಲ ಅನ್ನುವುದಕ್ಕೆ ನಾಚಬೇಡಿ. ನೋಡದೆ ನೋಡಿದೆ ಅನ್ನುವುದಕ್ಕೆ ನಾಚಿ.